“ಹೊಡೆಯೋಕಂತಲೇ ನನ್ನ ಮಗನನ್ನ ತಗೊಂಡಿದ್ದಾರಾ?”

ಪ್ರಶ್ನೆ: ನಾವು ಕೆನಡಾದ ಮಿಸಿಸಾಗಾದಲ್ಲಿದ್ದೇವೆ, ಊರು ದಾವಣಗೆರೆ. ಮಗ ಐಸ್ ಹಾಕಿ ಆಡುತ್ತಾನೆ. ಮಗನಿಗೆ ಹದಿನಾರು ತುಂಬುತ್ತಾ ಬಂತು. ಆರಡಿ ಎರಡಿಂಚು, 88 ಕೆ.ಜಿ. ಈ ಸಲದ ಒಎಚ್‌ಎಲ್ (ಒಂಟಾರಿಯೊ ಹಾಕಿ ಲೀಗ್, ಇಲ್ಲಿನ ದೊಡ್ಡ ಜೂನಿಯರ್ ಲೀಗು) ಡ್ರಾಫ್ಟ್‌ನ, ಅಂದರೆ ತಂಡಗಳು ಸರದಿಯಂತೆ ಹುಡುಗರನ್ನು ಆರಿಸುವ ಪ್ರಕ್ರಿಯೆಯ, ಹನ್ನೊಂದನೇ ಸುತ್ತಿನಲ್ಲಿ ಒಂದು ತಂಡ ಅವನನ್ನು ಆರಿಸಿಕೊಂಡಿದೆ, ಆಗಸ್ಟ್ ಕೊನೆಗೆ ಕ್ಯಾಂಪು. ತಂಡದವರು ಫೋನಿನಲ್ಲಿ ‘ಇವನ ಕೆಲಸ ಎದುರಾಳಿಗೆ ಆಟ ಕಷ್ಟ ಮಾಡೋದು’ ಅಂದರು. ನನಗೆ ಕೇಳಿಸಿದ್ದು ‘ಹೊಡೆಯೋದು’ ಅಂತ. ಮನೆಯವರಿಗೆ ಹೆಮ್ಮೆ. ಮೈದುನನಂತೂ ‘ಅತ್ತಿಗೆ, ಹೊಡೆದಾಡೋರಿಗೇ ಅಲ್ಲಿ ಕೋಟಿ ಕೋಟಿ’ ಅಂತಾನೆ. ಹೋದ ಜನವರಿಯಲ್ಲಿ ಯಾರೋ ಹಿಂದಿನಿಂದ ಗುದ್ದಿ ಬೋರ್ಡ್‌ಗೆ (ಐಸ್ ಅಂಕಣದ ಸುತ್ತಲಿನ ಗೋಡೆ) ಅಪ್ಪಳಿಸಿ ಕನ್ಕಷನ್ (ಪೆಟ್ಟಿನಿಂದ ಮಿದುಳು ಅದುರಿ ಆಗುವ ತೊಂದರೆ) ಆಗಿತ್ತು. ಹತ್ತನೇ ದಿನ ಮತ್ತೆ ಪಂದ್ಯ ಆಡಿದ. ಮಾರ್ಚ್‌ವರೆಗೂ ಓದಲು ಕೂತರೆ ತಲೆನೋವು ಅನ್ನುತ್ತಿದ್ದ, ಈಗಿಲ್ಲ. ಹೆಲ್ಮೆಟ್ ಇದ್ದೂ ಹೀಗೇಕೆ? ಹೊಡೆದಾಟ ಕಲಿಯಲೇಬೇಕಾ? ಒಎಚ್‌ಎಲ್ ಸೇರಿದರೆ ಓದು ಮುಗಿದ ಹಾಗಾ? ಇದನ್ನೇ ಜೀವನ ಮಾಡಿಕೊಂಡರೆ ನಲವತ್ತರಲ್ಲಿ ಅವನ ಗತಿ ಏನು? ಅಂದಹಾಗೆ ನಾವು ಸಸ್ಯಾಹಾರಿಗಳು. ಮಾಂಸ ತಿನ್ನದೆ ಈ ಆಟ ಆಗಲ್ಲ ಅಂತಾರೆ, ನಿಜವಾ?

ಉತ್ತರ: ನಿಮ್ಮ ಪ್ರಶ್ನೆಗಳಲ್ಲಿ ಗಡುವು ಇರುವುದು ಒಂದಕ್ಕೇ, ಜನವರಿಯ ತಲೆಪೆಟ್ಟಿಗೆ. ಉಳಿದದ್ದನ್ನು ನಿಧಾನವಾಗಿ ಯೋಚಿಸಬಹುದು. ಹನ್ನೊಂದನೇ ಸುತ್ತಿನಲ್ಲಿ ಆಯ್ಕೆಯಾದ ಹುಡುಗರಲ್ಲಿ ಹೆಚ್ಚಿನವರು ಮೊದಲ ವರ್ಷ ತಂಡದಲ್ಲಿ ಉಳಿಯುವುದೇ ಇಲ್ಲ. ಕ್ಯಾಂಪ್ ಮುಗಿಸಿ ಹಳೇ ತಂಡಕ್ಕೋ, ಒಎಚ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಜೂನಿಯರ್ ‘ಎ’ ತಂಡಕ್ಕೋ ಮರಳುತ್ತಾರೆ. ಆದ್ದರಿಂದ ತಲೆಯಿಂದಲೇ ಶುರು ಮಾಡೋಣ.

ಹೆಲ್ಮೆಟ್ ಕಾಯುವುದು ಬುರುಡೆಯನ್ನು. ಮೂಳೆ ಬಿರುಕು ಬಿಡುವುದು, ಚರ್ಮ ಸೀಳುವುದು ಇಂಥ ಹೊರಗಿನ ಗಾಯಗಳನ್ನು ಅದು ಚೆನ್ನಾಗಿಯೇ ತಡೆಯುತ್ತದೆ. ಕನ್ಕಷನ್ ಆಗುವುದು ಒಳಗೆ. ಸ್ಟೀಲ್ ಡಬ್ಬಿಯ ಮುಚ್ಚಳ ಎಷ್ಟೇ ಬಿಗಿಯಾಗಿರಲಿ, ಬಸ್ಸು ಗುಂಡಿಗೆ ಇಳಿದಾಗ ಒಳಗಿನ ಗಟ್ಟಿ ಮೊಸರು ಒಡೆಯುತ್ತದಲ್ಲ, ಅದೇ ಕಥೆ. ತಲೆ ಗಕ್ಕನೆ ತಿರುಗಿ ಗಕ್ಕನೆ ನಿಂತಾಗ ಮಿದುಳು ತಿರುಚಿಕೊಂಡು, ನರಕೋಶಗಳ ಉದ್ದನೆಯ ಎಳೆಗಳು ಜಗ್ಗುತ್ತವೆ. ಕೋಶದ ಒಳಹೊರಗಿನ ಪೊಟ್ಯಾಸಿಯಂ, ಕ್ಯಾಲ್ಸಿಯಂ ಏರುಪೇರಾಗುತ್ತವೆ. ಅದನ್ನು ಸರಿಮಾಡಲು ಕೋಶಕ್ಕೆ ಹೆಚ್ಚು ಶಕ್ತಿ ಬೇಕು. ಅದೇ ಹೊತ್ತಿಗೆ ಮಿದುಳಿಗೆ ರಕ್ತ ಹರಿಯುವುದು ಕಡಿಮೆಯಾಗಿರುತ್ತದೆ. ಈ ಕೊರತೆ ನೀಗಲು ದಿನಗಳಲ್ಲ, ವಾರಗಳು ಬೇಕು. ಸಿಟಿ ಸ್ಕ್ಯಾನ್‌ನಲ್ಲಿ ಇದು ಕಾಣುವುದಿಲ್ಲ. ಹಾಗಾಗಿ ‘ಸ್ಕ್ಯಾನ್ ನಾರ್ಮಲ್’ ಎಂದರೆ ರಕ್ತಸ್ರಾವ ಇಲ್ಲ ಎಂದಷ್ಟೇ ಅರ್ಥ. ತಲೆಗೇ ಏಟು ಬೀಳಬೇಕೆಂದೂ ಇಲ್ಲ, ಎದೆಗೆ ಬಿದ್ದ ಚೆಕ್‌ಗೆ (ಎದುರಾಳಿಯನ್ನು ಮೈಯಿಂದ ಗುದ್ದಿ ತಡೆಯುವುದು) ಕತ್ತು ಝಾಡಿಸಿದರೂ ಸಾಕು. ಮೌತ್‌ಗಾರ್ಡ್ ಹಲ್ಲು ಉಳಿಸುತ್ತದೆ. ಮಕ್ಕಳ ಐಸ್ ಹಾಕಿಯಲ್ಲಿ ಅದು ಕನ್ಕಷನ್‌ಗಳನ್ನೂ ಸ್ವಲ್ಪ ಇಳಿಸುತ್ತದೆ ಎಂಬುದಕ್ಕೆ ಪುರಾವೆ ಇದೆ. ಆದರೆ ಅದು ಹಲ್ಲಿನ ಮೇಲೆ ಕೂತಿರಬೇಕು. ಹುಡುಗರು ತುಟಿಯಂಚಿನಲ್ಲಿ ಜಗಿಯುತ್ತಾ ನೇತಾಡಿಸಿಕೊಂಡಿರುತ್ತಾರೆ.

ಇನ್ನು ಆ ಹತ್ತನೇ ದಿನ. ಈಗ ಎಲ್ಲೆಡೆ ಪಾಲಿಸುವ ಕ್ರಮದಲ್ಲಿ ಆಟಕ್ಕೆ ಮರಳಲು ಆರು ಹಂತಗಳಿವೆ. ಮೊದಲು ಮನೆಯೊಳಗಿನ ದಿನಚರಿ. ಆಮೇಲೆ ನಡಿಗೆ, ಸೈಕಲ್‌ನಂಥ ಹಗುರ ವ್ಯಾಯಾಮ. ಮೂರನೆಯದು ಒಬ್ಬನೇ ಸ್ಕೇಟಿಂಗ್. ನಾಲ್ಕನೆಯದು ತಂಡದ ಜತೆ, ಮೈ ತಾಗದ ಅಭ್ಯಾಸ. ಐದನೆಯದು ವೈದ್ಯರ ಒಪ್ಪಿಗೆಯ ನಂತರ ಪೂರ್ತಿ ಅಭ್ಯಾಸ, ಕೊನೆಗೆ ಪಂದ್ಯ. ಹಂತ ಹಂತಕ್ಕೂ ಕನಿಷ್ಠ 24 ಗಂಟೆ ಅಂತರ. ಮೊದಲ ಮೂರನ್ನು ಸ್ವಲ್ಪ ತಲೆನೋವು ಇದ್ದಾಗಲೂ ಮಾಡಬಹುದು. ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸುವ ಹಳೇ ಪದ್ಧತಿಯನ್ನು ಈಗ ಯಾರೂ ಹೇಳುವುದಿಲ್ಲ, ಎರಡು ದಿನದ ವಿಶ್ರಾಂತಿ ಸಾಕು. ನಾಲ್ಕನೇ ಹಂತ ಮಾತ್ರ ಲಕ್ಷಣಗಳೆಲ್ಲ ಪೂರ್ತಿ ಹೋದ ಮೇಲೆಯೇ. ಓದಿಗೆ ಮರಳುವುದು ಆಟಕ್ಕೆ ಮರಳುವುದಕ್ಕಿಂತ ಮೊದಲು ಆಗಬೇಕು. ನಿಮ್ಮ ಮಗನಿಗೆ ಓದಿದರೆ ತಲೆ ನೋಯುತ್ತಿತ್ತು ಅಂದರೆ ಹತ್ತನೇ ದಿನಕ್ಕೆ ಅವನು ನಾಲ್ಕನೇ ಹಂತಕ್ಕೂ ತಯಾರಿರಲಿಲ್ಲ. ಈ ವಯಸ್ಸಿನವರಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ನಾಲ್ಕು ವಾರ ದಾಟಿಯೂ ಲಕ್ಷಣ ಉಳಿದರೆ ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ, ಕಾಯುತ್ತಾ ಕೂರುವುದಲ್ಲ.

ನಿಮ್ಮ ಒಂಟಾರಿಯೊ ಪ್ರಾಂತ್ಯದಲ್ಲಿ ಇದಕ್ಕೆ ಕಾನೂನೇ ಇದೆ. ಹದಿನೇಳರ ರೋವನ್ ಸ್ಟ್ರಿಂಗರ್ ಎಂಬ ರಗ್ಬಿ ಆಟಗಾರ್ತಿ 2013ರಲ್ಲಿ, ಮೊದಲ ಪೆಟ್ಟು ಮಾಯುವ ಮೊದಲೇ ಮತ್ತೆ ಪೆಟ್ಟು ತಿಂದು ತೀರಿಕೊಂಡಳು. 2018ರಲ್ಲಿ ಬಂದ ಕಾನೂನಿಗೆ ಅವಳದೇ ಹೆಸರು. 26ಕ್ಕಿಂತ ಕಡಿಮೆ ವಯಸ್ಸಿನ ಆಟಗಾರನಿಗೆ ಕನ್ಕಷನ್ ಶಂಕೆ ಬಂದರೆ ಕೂಡಲೇ ಹೊರಗೆ ಕೂರಿಸಬೇಕು. ಡಾಕ್ಟರ್ ಅಥವಾ ನರ್ಸ್ ಪ್ರ್ಯಾಕ್ಟಿಷನರ್ ಒಪ್ಪದೆ ಪೂರ್ತಿ ಅಭ್ಯಾಸಕ್ಕೂ ಪಂದ್ಯಕ್ಕೂ ಇಳಿಸುವಂತಿಲ್ಲ. ಜನವರಿಯಲ್ಲಿ ಆ ಒಪ್ಪಿಗೆಯ ಕಾಗದ ಇತ್ತೇ ಎಂದು ಹುಡುಕಿ. ಬೈಯಲು ಅಲ್ಲ, ಯಾವ ದಿನ ಯಾರು ಏನು ಪರೀಕ್ಷಿಸಿದರು ಎಂಬುದು ಮುಂದಿನ ವೈದ್ಯರಿಗೆ ಬೇಕು.

ಕ್ಯಾಂಪ್‌ಗೆ ಕನಿಷ್ಠ ಒಂದು ತಿಂಗಳ ಮುಂಚೆ ಕನ್ಕಷನ್ ನೋಡುವ ಸ್ಪೋರ್ಟ್ಸ್ ಮೆಡಿಸಿನ್ ವೈದ್ಯರ ಹತ್ತಿರ ಹೋಗಿ. ತಲೆನೋವು ಈಗಿಲ್ಲ ಎಂಬುದು ಸಾಲದು. ಕಣ್ಣು ವೇಗವಾಗಿ ಚಲಿಸುವ ಗುರಿಯನ್ನು ಹಿಂಬಾಲಿಸುತ್ತದೆಯೇ, ತಲೆ ಅಲ್ಲಾಡಿಸುತ್ತಾ ಅಕ್ಷರ ಓದಬಲ್ಲನೇ, ಒಂಟಿ ಕಾಲಿನ ಸಮತೋಲ ಹೇಗಿದೆ, ಟ್ರೆಡ್‌ಮಿಲ್ ಮೇಲೆ ಎದೆಬಡಿತ ಏರಿದಾಗ ತಲೆ ಭಾರವಾಗುತ್ತದೆಯೇ, ಇವನ್ನು ನೋಡಬೇಕು. ಕತ್ತನ್ನೂ ಪರೀಕ್ಷಿಸಲಿ. ಹಿಂದಿನಿಂದ ಬೋರ್ಡ್‌ಗೆ ಬಿದ್ದವರಲ್ಲಿ ತಿಂಗಳುಗಟ್ಟಲೆ ಉಳಿಯುವ ತಲೆನೋವಿನ ಮೂಲ ಎಷ್ಟೋ ಸಲ ಕತ್ತಿನ ಮೇಲ್ಭಾಗದ ಕೀಲುಗಳಲ್ಲಿರುತ್ತದೆ. ಮತ್ತೆ ಎಂದಾದರೂ ಪೆಟ್ಟು ಬಿದ್ದು ಪದೇ ಪದೇ ವಾಂತಿ, ಏರುತ್ತಲೇ ಹೋಗುವ ತಲೆನೋವು, ಮಂಪರು, ಫಿಟ್ಸ್, ಕೈಕಾಲು ಜೋಮು, ಕಣ್ಣಿನ ಒಂದು ಪಾಪೆ ಮಾತ್ರ ದೊಡ್ಡದಾಗುವುದು ಕಂಡರೆ ಕ್ಲಿನಿಕ್‌ಗೆ ಫೋನ್ ಮಾಡುತ್ತಾ ಕೂರಬೇಡಿ, ತುರ್ತು ಸೇವೆಯ 911ಕ್ಕೆ ಕರೆ ಮಾಡಿ.

ಹೊಡೆದಾಡೋರಿಗೆ ಕೋಟಿ ಕೋಟಿ?

ನಿಮ್ಮ ಮೈದುನ ಹೇಳುವುದು ಒಂದು ಕಾಲಕ್ಕೆ ನಿಜವಾಗಿತ್ತು. ಫಿಲಡೆಲ್ಫಿಯ ಫ್ಲೈಯರ್ಸ್ ತಂಡ 1974, 1975ರಲ್ಲಿ ಸತತ ಎರಡು ಸಲ ಎನ್‌ಎಚ್‌ಎಲ್‌ನ (ಉತ್ತರ ಅಮೆರಿಕದ ಅತಿ ದೊಡ್ಡ ವೃತ್ತಿಪರ ಐಸ್ ಹಾಕಿ ಲೀಗು) ಸ್ಟ್ಯಾನ್ಲಿ ಕಪ್ ಗೆದ್ದದ್ದು ಆಟದಷ್ಟೇ ಒರಟುತನದಿಂದ. ಅವರ ಡೇವ್ ಶುಲ್ಟ್ಜ್ 1974-75ರ ಒಂದೇ ಋತುವಿನಲ್ಲಿ 472 ನಿಮಿಷಗಳ ಪೆನಾಲ್ಟಿ (ತಪ್ಪಿಗೆ ಶಿಕ್ಷೆಯಾಗಿ ಆಟದಿಂದ ಹೊರಗೆ ಕೂರುವುದು) ಪಡೆದ ದಾಖಲೆ ಇನ್ನೂ ಮುರಿದಿಲ್ಲ. ಎಡ್ಮಂಟನ್‌ನಲ್ಲಿ ತಂಡದ ತಾರೆ ವೇಯ್ನ್ ಗ್ರೆಟ್ಸ್ಕಿಯನ್ನು ಯಾರೂ ಮುಟ್ಟದ ಹಾಗೆ ನೋಡಿಕೊಳ್ಳಲೆಂದೇ ಡೇವ್ ಸೆಮೆಂಕೊ ಇದ್ದ. ಎನ್‌ಫೋರ್ಸರ್ ಎಂದರೆ ಇಂಥವರು. ಕೊನೆಯ ಪೀಳಿಗೆಯ ಡೆರೆಕ್ ಬೂಗಾರ್ಡ್ 2010ರಲ್ಲಿ ನ್ಯೂಯಾರ್ಕ್ ರೇಂಜರ್ಸ್ ಜತೆ ನಾಲ್ಕು ವರ್ಷಕ್ಕೆ 65 ಲಕ್ಷ ಡಾಲರ್‌ಗೆ ಸಹಿ ಹಾಕಿದ. ಎನ್‌ಎಚ್‌ಎಲ್‌ನ 277 ಪಂದ್ಯಗಳಲ್ಲಿ ಅವನ ಗೋಲು ಮೂರು. ಮೈದುನನ ‘ಕೋಟಿ’ ಇದೇ. ಆದರೆ ಆ ಒಪ್ಪಂದದ ಮೊದಲ ವರ್ಷ ಮುಗಿಯುವಷ್ಟರಲ್ಲಿ, 2011ರ ಮೇ ತಿಂಗಳಲ್ಲಿ, ಮದ್ಯ ಮತ್ತು ಆಕ್ಸಿಕೊಡೋನ್ ಎಂಬ ನೋವುಮಾತ್ರೆ ಬೆರೆತು ಅವನು ಸತ್ತ. ವಯಸ್ಸು 28. ಮಿದುಳು ಪರೀಕ್ಷಿಸಿದಾಗ ಸಿಟಿಇ (ತಲೆಗೆ ಪದೇ ಪದೇ ಬಿದ್ದ ಪೆಟ್ಟಿನಿಂದ ಮಿದುಳು ಸವೆಯುವ ಕಾಯಿಲೆ) ಕಂಡಿತು.

ಆ ಹುದ್ದೆ ಈಗ ಹೆಚ್ಚುಕಡಿಮೆ ಇಲ್ಲ. ಹೋದದ್ದು ಯಾರದೋ ಮನಃಪರಿವರ್ತನೆಯಿಂದಲ್ಲ, ಲೆಕ್ಕಾಚಾರದಿಂದ. 1992ರಲ್ಲಿ ಜಗಳ ಶುರು ಮಾಡಿದವನಿಗೆ ಹೆಚ್ಚುವರಿ ಶಿಕ್ಷೆ ಬಂತು. 2004-05ರ ಬೀಗಮುದ್ರೆಯ (ಸಂಬಳದ ತಕರಾರಿನಿಂದ ಇಡೀ ಋತು ನಿಂತದ್ದು) ನಂತರ ಎರಡು ಗೆರೆ ದಾಟುವ ಪಾಸ್‌ಗೆ ಇದ್ದ ನಿಷೇಧ ಹೋಯಿತು, ಅಡ್ಡ ಹಿಡಿದು ನಿಲ್ಲಿಸುವುದಕ್ಕೆ ಪೆನಾಲ್ಟಿ ಬಿಗಿಯಾಯಿತು, ಆಟ ಓಡತೊಡಗಿತು. ಪಂದ್ಯಕ್ಕೆ ಇಳಿಸಬಹುದಾದದ್ದು 18 ಸ್ಕೇಟರ್‌ಗಳನ್ನು, ಮೇಲೆ ಸಂಬಳದ ಮಿತಿ ಬೇರೆ. ಅದರಲ್ಲಿ ನಾಲ್ಕು ನಿಮಿಷ ಆಡುವ ನಿಧಾನದ ಪೈಲ್ವಾನನಿಗೆ ಒಂದು ಜಾಗ ಕೊಡುವುದು ನಷ್ಟದ ಬಾಬ್ತು. 2008-09ರಲ್ಲಿ ಲೀಗಿನಲ್ಲಿ ಏಳುನೂರಕ್ಕೂ ಹೆಚ್ಚು ಹೊಡೆದಾಟ ನಡೆದಿದ್ದವು, ಹತ್ತು ವರ್ಷದ ನಂತರ ಇನ್ನೂರೈವತ್ತೂ ಇರಲಿಲ್ಲ. ಜೂನಿಯರ್ ಮಟ್ಟದಲ್ಲಿ ಇನ್ನೂ ಬಿಗಿ. ಒಎಚ್‌ಎಲ್‌ನಲ್ಲಿ ಒಂದು ಋತುವಿಗೆ ಮೂರು ಮೀರಿದರೆ ಪ್ರತಿ ಹೊಡೆದಾಟಕ್ಕೂ ಅಮಾನತು. ಕ್ವಿಬೆಕ್ ಲೀಗಿನಲ್ಲಿ 2023-24ರಿಂದ ಕೈ ಎತ್ತಿದರೆ ಪಂದ್ಯದಿಂದಲೇ ಹೊರಕ್ಕೆ. ಅಮೆರಿಕದ ಕಾಲೇಜು ಹಾಕಿಯಲ್ಲಿ ಆ ಪಂದ್ಯವೂ ಹೋಯಿತು, ಮುಂದಿನದೂ ಹೋಯಿತು.

ಆದ್ದರಿಂದ ಹೊಡೆದಾಟ ಕಲಿಸುವ ಕ್ಯಾಂಪ್‌ಗೆ ದುಡ್ಡು ಕಟ್ಟಬೇಡಿ. ಆದರೆ ಜಗಳ ತಾನಾಗಿ ಬಂದಾಗ ಏನು ಮಾಡಬೇಕೆಂದು ಅವನಿಗೆ ಗೊತ್ತಿರಲಿ. ಬರುವುದಂತೂ ಖಂಡಿತ. ನಿಯಮದೊಳಗಿನ ಒಳ್ಳೇ ಚೆಕ್ ಕೊಟ್ಟರೂ ಎದುರು ತಂಡದ ಒಬ್ಬ ಗ್ಲೌಸ್ ಬಿಸಾಡಿ ಎದುರು ನಿಲ್ಲುತ್ತಾನೆ. ಸ್ಟಿಕ್ ಅಡ್ಡ ಹಿಡಿದು ಸ್ಕೇಟ್ ಮಾಡಿ ದೂರ ಹೋಗುವುದು ತಪ್ಪಲ್ಲ, ಪೆನಾಲ್ಟಿ ಎದುರಾಳಿಗೆ ಬೀಳುತ್ತದೆ. ಹಿಡಿದೇಬಿಟ್ಟರೆ ಹತ್ತಿರ ಹೋಗಿ ಅವನ ಭುಜದ ಬಳಿ ಜೆರ್ಸಿ ಗಟ್ಟಿಯಾಗಿ ಹಿಡಿದು, ಗದ್ದ ಎದೆಗೊತ್ತಿ, ಲೈನ್ಸ್‌ಮನ್ ಬರುವವರೆಗೆ ತಬ್ಬಿ ನಿಲ್ಲಬೇಕು. ಹೆಲ್ಮೆಟ್ ತೆಗೆಯಲೇಬಾರದು, ಗದ್ದದ ಪಟ್ಟಿ ಸಡಿಲ ಬಿಡಬಾರದು. 2008ರ ಡಿಸೆಂಬರ್‌ನಲ್ಲಿ ಒಂಟಾರಿಯೊದ ಸೀನಿಯರ್ ಪಂದ್ಯವೊಂದರಲ್ಲಿ ಡಾನ್ ಸ್ಯಾಂಡರ್ಸನ್ ಎಂಬ 21ರ ಹುಡುಗ ಜಗಳದಲ್ಲಿ ಹೆಲ್ಮೆಟ್ ಕಳಚಿ, ಬಿದ್ದಾಗ ತಲೆ ಐಸ್‌ಗೆ ಬಡಿದು, ಕೆಲ ವಾರಗಳಲ್ಲಿ ತೀರಿಕೊಂಡ. ಅವನನ್ನು ಕೊಂದದ್ದು ಮುಷ್ಟಿಯಲ್ಲ, ಐಸ್.

ಇನ್ನೊಂದು ಸಣ್ಣ ಗಾಯ, ದೊಡ್ಡ ತಲೆಬೇನೆ: ಎದುರಾಳಿಯ ಹಲ್ಲಿಗೆ ತಾಗಿ ಬೆರಳಗೆಣ್ಣಿನ ಮೇಲೆ ಆಗುವ ಅರ್ಧ ಸೆಂಟಿಮೀಟರ್ ಸೀಳು. ಬ್ಯಾಂಡೇಡ್ ಹಾಕಿ ಸುಮ್ಮನಾಗುತ್ತಾರೆ. ಮುಷ್ಟಿ ಬಿಚ್ಚಿದಾಗ ಚರ್ಮ ಜಾರಿ ತೂತು ಮುಚ್ಚಿಕೊಂಡು, ಬಾಯಿಯ ಬ್ಯಾಕ್ಟೀರಿಯಾ ಕೀಲಿನೊಳಗೆ ಉಳಿಯುತ್ತದೆ. ಎರಡು ದಿನದಲ್ಲಿ ಕೈ ಊದಿ, ಆಪರೇಷನ್ ಟೇಬಲ್ ಮೇಲೆ ಕೀಲು ತೊಳೆಯಬೇಕಾಗುತ್ತದೆ. ಇಂಥ ಸೀಳು ಕಂಡರೆ ಅವತ್ತೇ ರಾತ್ರಿ ಎಮರ್ಜೆನ್ಸಿಗೆ ಹೋಗಿ ‘ಹಲ್ಲು ತಾಗಿದ್ದು’ ಎಂದು ಬಾಯಿಬಿಟ್ಟು ಹೇಳಬೇಕು. ಹೊಲಿಗೆ ಹಾಕಿ ಮುಚ್ಚಿಬಿಟ್ಟರೆ ಇನ್ನೂ ಅಪಾಯ.

ನಲವತ್ತರ ಪ್ರಶ್ನೆ

ಸಿಟಿಇ ಎಂದರೆ ಮಿದುಳಿನ ಮಡಿಕೆಗಳ ಆಳದಲ್ಲಿ, ಸಣ್ಣ ರಕ್ತನಾಳಗಳ ಸುತ್ತ ಟೌ ಎಂಬ ಪ್ರೋಟೀನ್ ಗಂಟುಗಟ್ಟುವುದು. ಖಚಿತವಾಗಿ ಗೊತ್ತಾಗುವುದು ಸತ್ತ ಮೇಲೆಯೇ. ಬಾಸ್ಟನ್ ವಿಶ್ವವಿದ್ಯಾಲಯದವರು 2024ರ ಕೊನೆಗೆ ಪ್ರಕಟಿಸಿದ ಅಧ್ಯಯನದಲ್ಲಿ 77 ಐಸ್ ಹಾಕಿ ಆಟಗಾರರ ಮಿದುಳುಗಳಿದ್ದವು. ಎನ್‌ಎಚ್‌ಎಲ್ ಆಡಿದ 19 ಮಂದಿಯಲ್ಲಿ 18 ಮಂದಿಗೆ ಕಾಯಿಲೆ ಇತ್ತು. ಇದನ್ನು ಓದಿ ಎದೆ ಹೊಡೆದುಕೊಳ್ಳುವ ಮುನ್ನ ಒಂದು ಮಾತು: ಮಿದುಳು ದಾನ ಮಾಡುವುದು ಹೆಚ್ಚಾಗಿ ಬದುಕಿದ್ದಾಗಲೇ ತೊಂದರೆ ಕಂಡ ಕುಟುಂಬಗಳು. ಹಾಗಾಗಿ ಹತ್ತೊಂಬತ್ತರಲ್ಲಿ ಹದಿನೆಂಟು ಎಂಬುದನ್ನು ಎಲ್ಲ ಆಟಗಾರರಿಗೂ ಅನ್ವಯಿಸುವಂತಿಲ್ಲ. ಆ ಅಧ್ಯಯನದಲ್ಲಿ ನಿಮ್ಮ ಕೆಲಸಕ್ಕೆ ಬರುವುದು ಬೇರೆ. ಆಡಿದ ಒಂದೊಂದು ಹೆಚ್ಚುವರಿ ವರ್ಷಕ್ಕೂ ಕಾಯಿಲೆಯ ಸಾಧ್ಯತೆಯ ಅನುಪಾತ ಶೇ 34ರಷ್ಟು ಏರುತ್ತಿತ್ತು. ಮೈಮೇಲೆ ಬೀಳುವ ಆಟದ ಒಟ್ಟು ವರ್ಷಗಳೇ ಮುಖ್ಯ. ತಲೆ ತಿರುಗಿಸುವ ದೊಡ್ಡ ಪೆಟ್ಟುಗಳ ಜತೆಗೆ, ‘ಏನೂ ಆಗಿಲ್ಲ’ ಎಂದು ಎದ್ದು ಹೋಗುವ ಸಾವಿರಾರು ಸಣ್ಣ ಪೆಟ್ಟುಗಳೂ ಈ ಲೆಕ್ಕಕ್ಕೆ ಸೇರುತ್ತವೆ.

2023ರಲ್ಲಿ ಕೊಲಂಬಿಯ ವಿಶ್ವವಿದ್ಯಾಲಯದವರು ಐವತ್ತಕ್ಕೂ ಹೆಚ್ಚು ಹೊಡೆದಾಟ ಆಡಿದವರನ್ನು ಅದೇ ಕಾಲದ ಇತರ ಆಟಗಾರರ ಜತೆ ಹೋಲಿಸಿದರು. ಸತ್ತವರ ಸಂಖ್ಯೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಸತ್ತ ಹೊಡೆದಾಟಗಾರರು ಸರಾಸರಿ ಹತ್ತು ವರ್ಷ ಮುಂಚೆ ಸತ್ತಿದ್ದರು, ಕಾರಣಗಳಲ್ಲಿ ಆತ್ಮಹತ್ಯೆ, ಮಾದಕ ಔಷಧ, ಮಿದುಳಿನ ಕಾಯಿಲೆ ಇದ್ದವು. ಪೆಟ್ಟು, ನೋವುಮಾತ್ರೆ, ನಿದ್ದೆಗೇಡು, ‘ನಾಳೆ ನನ್ನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ’ ಎಂಬ ಅಳುಕು, ಇವು ಒಟ್ಟೊಟ್ಟಿಗೇ ಇರುವುದರಿಂದ ಯಾವುದರ ಪಾಲು ಎಷ್ಟು ಎಂದು ಬಿಡಿಸಲಾಗದು. ಲೀಗು ಮುಂದೆ ನೋಡಿಕೊಳ್ಳುತ್ತದೆ ಎಂಬ ನಂಬಿಕೆಯೂ ಬೇಡ. ಕನ್ಕಷನ್ ಮೊಕದ್ದಮೆಯಲ್ಲಿ 318 ಮಾಜಿ ಆಟಗಾರರ ಜತೆ 2018ರಲ್ಲಿ ಎನ್‌ಎಚ್‌ಎಲ್ ರಾಜಿಯಾದದ್ದು ಒಟ್ಟು 1.89 ಕೋಟಿ ಡಾಲರ್‌ಗೆ, ತಪ್ಪೊಪ್ಪಿಗೆ ಇಲ್ಲದೆ.

ನೋವುಮಾತ್ರೆಯ ಬಗ್ಗೆ ಮನೆಯಲ್ಲಿ ಈಗಲೇ ಒಂದು ನಿಯಮ ಮಾಡಿ: ಡ್ರೆಸಿಂಗ್ ರೂಮ್‌ನಲ್ಲಿ ಯಾರೇ ಕೊಟ್ಟರೂ ಹೆಸರು ಕೇಳದೆ ನುಂಗುವಂತಿಲ್ಲ. ಟೊರಡಾಲ್ ಎಂಬ ಪ್ರಬಲ ನೋವುನಿವಾರಕ ವೃತ್ತಿಪರ ಕ್ರೀಡೆಯಲ್ಲಿ ಬಹಳ ಓಡಾಡಿದೆ. ಅದನ್ನು ಐದು ದಿನಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದೆಂದೇ ನಿಯಮ, ಕಾರಣ ಕಿಡ್ನಿ ಹಾನಿ ಮತ್ತು ಹೊಟ್ಟೆಯೊಳಗಿನ ರಕ್ತಸ್ರಾವ.

ದೊಡ್ಡ ಮೈಯ ಹುಡುಗರಿಗೆ ಆಗುವ ಮೋಸ

ಇದು ನೀವು ಕೇಳದ ಪ್ರಶ್ನೆ, ನನ್ನ ಮಟ್ಟಿಗೆ ನಿಮ್ಮ ಪತ್ರದ ಅತಿ ಮುಖ್ಯ ಭಾಗ. ಹದಿನೈದಕ್ಕೇ ಆರಡಿ ಮೀರಿದ ಹುಡುಗರಲ್ಲಿ ಹಲವರು ಬೇಗ ಬೆಳೆದವರು ಅಷ್ಟೇ. ವಾರಿಗೆಯವರು ಹದಿನೆಂಟು ಹತ್ತೊಂಬತ್ತಕ್ಕೆ ಅವರನ್ನು ಮುಟ್ಟುತ್ತಾರೆ. ಆದರೆ ನಡುವಿನ ಮೂರು ವರ್ಷ ಕೋಚ್‌ಗಳು ದೊಡ್ಡ ಹುಡುಗನಿಗೆ ‘ಹೋಗಿ ಗುದ್ದು’ ಎನ್ನುತ್ತಾರೆ, ಪಕ್ (ಚೆಂಡಿನ ಬದಲಿಗಿರುವ ರಬ್ಬರ್ ಬಿಲ್ಲೆ) ಸಿಕ್ಕರೆ ಗ್ಲಾಸ್‌ಗೆ (ಬೋರ್ಡ್ ಮೇಲಿನ ಗಾಜು) ಬಡಿದು ಹೊರಗೆ ಹಾಕು ಎನ್ನುತ್ತಾರೆ. ಸಣ್ಣ ಹುಡುಗ ಬದುಕಲೆಂದೇ ಪಕ್ ಹಿಡಿತ ಕಲಿಯುತ್ತಾನೆ. ಹತ್ತೊಂಬತ್ತರಲ್ಲಿ ಇಬ್ಬರ ಮೈಯೂ ಸಮವಾದಾಗ ಒಬ್ಬನ ಕೈಯಲ್ಲಿ ಆಟವಿದೆ, ಇನ್ನೊಬ್ಬನ ಕೈಯಲ್ಲಿ ಪೆನಾಲ್ಟಿ ನಿಮಿಷಗಳಿವೆ.

ಭಾರತ ಮೂಲದಿಂದ ಎನ್‌ಎಚ್‌ಎಲ್‌ಗೆ ಏರಿದ ಮೊದಲಿಗ, ಬ್ರಿಟಿಷ್ ಕೊಲಂಬಿಯದ ರಾಬಿನ್ ಬಾವಾ, 1986-87ರಲ್ಲಿ ಕ್ಯಾಮ್‌ಲೂಪ್ಸ್ ಜೂನಿಯರ್ ತಂಡಕ್ಕೆ ಐವತ್ತಕ್ಕೂ ಹೆಚ್ಚು ಗೋಲು ಹೊಡೆದವ. ವೃತ್ತಿಪರ ಹಾಕಿಯಲ್ಲಿ ಅವನಿಗೆ ಸಿಕ್ಕದ್ದು ಒರಟು ಪಾತ್ರ. ನಾಲ್ಕು ತಂಡಗಳಲ್ಲಿ ಸೇರಿ ಎನ್‌ಎಚ್‌ಎಲ್‌ನ 61 ಪಂದ್ಯ, ಅಷ್ಟಕ್ಕೇ ಮುಗಿಯಿತು. ಇನ್ನೊಂದು ಬದಿಯಲ್ಲಿ ಟೊರಾಂಟೊದಲ್ಲೇ ಹುಟ್ಟಿದ ಟಾಮ್ ವಿಲ್ಸನ್. ಮೊದಲ ಪೂರ್ಣ ಋತುವಿನಲ್ಲಿ, 2013-14ರಲ್ಲಿ, ಎಲ್ಲರಿಗಿಂತ ಕಡಿಮೆ ಹೊತ್ತು ಆಡುವ ನಾಲ್ಕನೇ ಸಾಲಿನಲ್ಲಿ ಗುದ್ದುತ್ತಾ 82 ಪಂದ್ಯಕ್ಕೆ ಮೂರು ಗೋಲು. 2018ರಲ್ಲಿ ತಲೆಗೆ ಬಿದ್ದ ಒಂದು ಚೆಕ್‌ಗೆ 20 ಪಂದ್ಯಗಳ ಅಮಾನತು, ಮೇಲ್ಮನವಿಯಲ್ಲಿ 14ಕ್ಕೆ ಇಳಿದರೂ ಎಂಟು ಲಕ್ಷ ಡಾಲರ್‌ಗೂ ಮೀರಿ ಸಂಬಳ ಹೋಯಿತು. ಆಮೇಲೆ ಅವನು ಒರಟುತನ ಬಿಡಲಿಲ್ಲ, ಅದಕ್ಕೆ ಆಟ ಸೇರಿಸಿಕೊಂಡ. 2024-25ರಲ್ಲಿ 33 ಗೋಲು, ವರ್ಷಕ್ಕೆ 65 ಲಕ್ಷ ಡಾಲರ್‌ನ ಒಪ್ಪಂದ. ಈಗ ಮೈಬಲದ ಆಟಕ್ಕೆ ಇಷ್ಟು ಬೆಲೆ ಸಿಗುವುದು ಗೋಲು ಹೊಡೆಯುವ ಕೈಯೂ ಜತೆಗಿದ್ದಾಗ.

ಆದ್ದರಿಂದ ಬೇಸಿಗೆಯ ದುಡ್ಡು ಸ್ಕೇಟಿಂಗ್‌ಗೆ ಹೋಗಲಿ. ಮೊದಲ ಮೂರು ಹೆಜ್ಜೆಯ ವೇಗ, ಎರಡೂ ಬದಿಗೆ ಹಿಮ್ಮುಖ ತಿರುವು, ಬೆನ್ನ ಮೇಲೆ ಎದುರಾಳಿಯನ್ನು ಹೊತ್ತುಕೊಂಡೇ ಪಕ್ ಕಾಯುವುದು. 88 ಕೆ.ಜಿ. ಈಗ ಸಾಕು, ಇನ್ನೂ ತೂಕ ಹಾಕಿಸುವ ಗಡಿಬಿಡಿ ಬೇಡ. ಭಾರ ಎತ್ತಿದರೆ ಕುಳ್ಳಗಾಗುತ್ತಾರೆ ಎಂಬುದು ಸುಳ್ಳು, ಸರಿಯಾಗಿ ಕಲಿಸುವವರಿದ್ದರೆ ಎತ್ತಲಿ.

ಚೆಕ್ ಕೊಡುವುದರಲ್ಲೂ ವಿದ್ಯೆ ಇದೆ. ನೇರ ಹೋಗಿ ಗುದ್ದುವುದಲ್ಲ, ಓರೆಯಲ್ಲಿ ಹೋಗಿ ಎದುರಾಳಿಯನ್ನು ಬೋರ್ಡ್ ಕಡೆಗೆ ತಳ್ಳುತ್ತಾ ಜಾಗ ಮುಚ್ಚುವುದು. ಮಂಡಿ ಬಗ್ಗಿರಬೇಕು, ಸ್ಟಿಕ್‌ನ ಅಲಗು ಐಸ್ ಮೇಲಿರಬೇಕು, ಮೊಣಕೈ ಪಕ್ಕೆಗೆ ಒತ್ತಿರಬೇಕು, ಭುಜ ತಾಗುವುದು ಭುಜಕ್ಕೋ ಎದೆಗೋ. ಕಾಲು ನೆಲ ಬಿಟ್ಟರೆ ಪೆನಾಲ್ಟಿ. ಎದುರಾಳಿಯ ಬೆನ್ನಿನ ನಂಬರ್ ಕಂಡರೆ ಬ್ರೇಕ್. ಎತ್ತರದ ಹುಡುಗರಿಗೆ ಒಂದು ತೊಂದರೆ ಹೆಚ್ಚು: ಅವರ ಭುಜ ಇರುವ ಎತ್ತರಕ್ಕೇ ಗಿಡ್ಡನೆಯವರ ಗದ್ದ ಇರುತ್ತದೆ. ಬಗ್ಗದಿದ್ದರೆ ಉದ್ದೇಶವಿಲ್ಲದೆಯೂ ತಲೆಗೆ ತಾಗುತ್ತದೆ, ಎನ್‌ಎಚ್‌ಎಲ್‌ನಲ್ಲಿ 2010ರಿಂದ ಅದಕ್ಕೇ ಪ್ರತ್ಯೇಕ ನಿಯಮವಿದೆ.

ಚೆಕ್ ತಗೊಳ್ಳುವುದು ಇನ್ನೂ ಮುಖ್ಯ. ಬೋರ್ಡ್‌ನಿಂದ ಒಂದು ಎರಡು ಮೀಟರ್ ದೂರದ ಪಟ್ಟಿಯೇ ಅಪಾಯದ ಜಾಗ. ಅಲ್ಲಿ ತಳ್ಳಿದರೆ ತಲೆ ಮುಂದಾಗಿ ಬೋರ್ಡ್‌ಗೆ ಹೋಗುತ್ತದೆ, ಜನವರಿಯಲ್ಲಿ ನಿಮ್ಮ ಮಗನಿಗೆ ಆದದ್ದೂ ಇದೇ ಇರಬೇಕು. ಪಕ್ ತರಲು ಹೋಗುವಾಗ ಎರಡು ಸಲ ಹಿಂದಿರುಗಿ ನೋಡಬೇಕು. ಓರೆಯಲ್ಲಿ ಹೋಗಿ ಬೋರ್ಡ್‌ಗೆ ಮೈ ಪೂರ್ತಿ ಅಂಟಿಸಿಕೊಂಡು, ತಲೆ ಎತ್ತಿ, ಒಂದು ಮುಂಗೈ ಗ್ಲಾಸ್‌ಗೆ ಒತ್ತಿ, ಪೆಟ್ಟು ಬಿದ್ದಾಗ ಉರುಳಿಕೊಂಡು ಹೊರಬರಬೇಕು. ತಲೆ ತಗ್ಗಿಸಿದರೆ ಕತ್ತಿನ ಮೂಳೆಗಳು ನೇರವಾಗಿ, ಬಲವೆಲ್ಲ ಅವುಗಳ ಮೇಲೆಯೇ ಬೀಳುತ್ತದೆ. ಪಕ್ ನೋಡುತ್ತಾ ತಲೆ ತಗ್ಗಿಸಿ ಮಧ್ಯದಲ್ಲಿ ಬರುವುದೂ ಅಷ್ಟೇ ಕೆಟ್ಟದ್ದು. 2021ರ ಡಿಸೆಂಬರ್‌ನಲ್ಲಿ ಪಂಜಾಬಿ ಮೂಲದ ಜುಝಾರ್ ಖೈರಾ, ಅವನೂ ಮೈಬಲದ ಆಟಗಾರನೇ, ಜೇಕಬ್ ಟ್ರೂಬಾನ ಚೆಕ್‌ಗೆ ಪ್ರಜ್ಞೆ ತಪ್ಪಿ ಸ್ಟ್ರೆಚರ್ ಮೇಲೆ ಹೊರಟ. ಆ ಚೆಕ್‌ಗೆ ಪೆನಾಲ್ಟಿಯೇ ಇರಲಿಲ್ಲ.

ಕತ್ತಿನ ಪಟ್ಟಿ ಹಾಕಿಸಿ, ಮಣಿಕಟ್ಟು ಮತ್ತು ಕಾಲಿಗೆ ಬ್ಲೇಡ್ ತಡೆಯುವ ಕಾಲುಚೀಲ, ತೋಳುಪಟ್ಟಿ ಕೊಡಿಸಿ. 2023ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಆ್ಯಡಂ ಜಾನ್ಸನ್ ಕತ್ತಿಗೆ ಸ್ಕೇಟ್ ತಾಗಿ ಸತ್ತ ಮೇಲೆ ಈ ವಿಷಯದಲ್ಲಿ ಹುಡುಗರು ಗೊಣಗುವುದು ಕಡಿಮೆಯಾಗಿದೆ.

ಓದು, ದುಡ್ಡು, ದಾರಿಗಳು

ಓದಿನ ಬಗೆಗಿನ ನಿಮ್ಮ ಭಯಕ್ಕೆ ಮೊದಲು ಆಧಾರವಿತ್ತು. ಒಎಚ್‌ಎಲ್‌ನಲ್ಲಿ ಒಂದು ಪಂದ್ಯ ಆಡಿದರೂ ಅಮೆರಿಕದ ಕಾಲೇಜು ಹಾಕಿಯ ಬಾಗಿಲು ಮುಚ್ಚುತ್ತಿತ್ತು. 2024ರ ನವೆಂಬರ್‌ನಲ್ಲಿ ಎನ್‌ಸಿಎಎ (ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ) ಆ ನಿಯಮ ತೆಗೆಯಿತು, 2025ರ ಆಗಸ್ಟ್ 1ರಿಂದ ಒಎಚ್‌ಎಲ್ ಆಡಿದವರೂ ಅಲ್ಲಿಗೆ ಹೋಗಬಹುದು. ಆದರೆ ಎನ್‌ಸಿಎಎಗೆ ಹೈಸ್ಕೂಲಿನ 16 ಮೂಲ ವಿಷಯಗಳು ಬೇಕು. ಬಸ್ ಪ್ರಯಾಣದ ನಡುವೆ ಸುಲಭದ ಕೋರ್ಸ್ ತಗೊಂಡು ಹನ್ನೆರಡನೇ ತರಗತಿ ಮುಗಿಸಿದ ಹುಡುಗ ಸಿಕ್ಕಿಬೀಳುವುದು ಇಲ್ಲಿ. ಈಗಲೇ ಶಾಲೆಯ ಕೌನ್ಸೆಲರ್ ಜತೆ ಕೂತು ಪಟ್ಟಿ ಮಾಡಿ.

ಒಎಚ್‌ಎಲ್‌ನಲ್ಲಿ 68 ಲೀಗ್ ಪಂದ್ಯ, ಅರ್ಧ ಮುಖದ ವೈಸರ್, ತಂಡ ಗೊತ್ತುಮಾಡಿದ ಬೇರೆ ಕುಟುಂಬದ ಮನೆಯಲ್ಲಿ ವಾಸ. ಆಡಿದ ಪ್ರತಿ ಋತುವಿಗೆ ಒಂದು ವರ್ಷದ ಕಾಲೇಜು ಫೀ ಕೊಡುವ ವಿದ್ಯಾರ್ಥಿವೇತನವಿದೆ. ಆದರೆ ಅದಕ್ಕೆ ಗಡುವುಗಳಿವೆ, ವೃತ್ತಿಪರ ಒಪ್ಪಂದ ಮಾಡಿಕೊಂಡರೆ ಕೈತಪ್ಪುವ ಷರತ್ತುಗಳಿವೆ. ಅಮೆರಿಕದ ಕಾಲೇಜಿನಲ್ಲಿ ಲೀಗ್ ಪಂದ್ಯಗಳು ಮೂವತ್ತೈದರ ಆಸುಪಾಸು, ಮುಖ ಪೂರ್ತಿ ಮುಚ್ಚಿರಬೇಕು, ಪಂದ್ಯಗಳು ಹೆಚ್ಚಾಗಿ ಶುಕ್ರವಾರ ಶನಿವಾರ, ವಾರದ ನಡುವೆ ಜಿಮ್ ಮತ್ತು ಓದು. ಮೇಲೆ ಹೇಳಿದ ವರ್ಷಗಳ ಲೆಕ್ಕ ನೆನಪಿದ್ದರೆ ಅರ್ಧಕ್ಕರ್ಧ ಪಂದ್ಯ ಎಂಬುದು ಸಣ್ಣ ಮಾತಲ್ಲ. ನಿಮ್ಮ ಮಗನಂಥವನಿಗೆ ನನ್ನ ಒಲವು ಹೀಗೆ: ಈ ವರ್ಷ ಜೂನಿಯರ್ ‘ಎ’ಯಲ್ಲಿ ಎರಡನೇ ಸಾಲಿನಲ್ಲಿ ಪಕ್ ಜತೆ ಆಡಲಿ, ಹದಿನೇಳಕ್ಕೆ ಒಎಚ್‌ಎಲ್ ಜಾಗ ಸಿಕ್ಕರೆ ಒಂದೆರಡು ವರ್ಷ, ಆಮೇಲೆ ಕಾಲೇಜು. ಇದರ ಅಪಾಯವೂ ಇದೆ. ಒಎಚ್‌ಎಲ್ ತಂಡ ಅಷ್ಟರಲ್ಲಿ ಅವನನ್ನು ಮರೆಯಬಹುದು. ಅಲ್ಲದೆ ಹೊಸ ನಿಯಮದಿಂದಾಗಿ ಕಾಲೇಜು ಜಾಗಗಳಿಗೆ ಪೈಪೋಟಿ ಏರಿದೆ, ಹದಿನೆಂಟರವನು ಇಪ್ಪತ್ತೊಂದರ ಒಎಚ್‌ಎಲ್ ಅನುಭವಿಯ ಜತೆ ಸೆಣಸಬೇಕು.

ದುಡ್ಡಿನ ಲೆಕ್ಕ ಚಿಕ್ಕದು. ಎನ್‌ಎಚ್‌ಎಲ್‌ನ ಕನಿಷ್ಠ ಸಂಬಳ 2025-26ಕ್ಕೆ 7.75 ಲಕ್ಷ ಡಾಲರ್, ಹೊಸ ಒಪ್ಪಂದದಂತೆ 2026-27ಕ್ಕೆ 8.5 ಲಕ್ಷ. ಒಂದು ಮೆಟ್ಟಿಲು ಕೆಳಗೆ, ಎಎಚ್‌ಎಲ್‌ನಲ್ಲಿ, ಕನಿಷ್ಠ ಐವತ್ತು ಸಾವಿರದಿಂದ ಸ್ವಲ್ಪ ಮೇಲೆ. ಅದಕ್ಕೂ ಕೆಳಗೆ ಇಸಿಎಚ್‌ಎಲ್‌ನಲ್ಲಿ ವಾರಕ್ಕೆ ಕೆಲವು ನೂರು ಡಾಲರ್‌ಗಳ ಲೆಕ್ಕ. ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ ವರ್ಷಕ್ಕೆ ಇಡೀ ಜಗತ್ತಿನಿಂದ ಆರಿಸುವುದು 224 ಹುಡುಗರನ್ನು, ಅವರಲ್ಲೂ ಬಹಳ ಮಂದಿ ಒಂದು ಪಂದ್ಯವನ್ನೂ ಆಡುವುದಿಲ್ಲ. ಮೈಬಲದ ಮೇಲೆಯೇ ನಿಂತವರ ಹೆಚ್ಚಿನ ಬದುಕು ನಡುವಿನ ಮೆಟ್ಟಿಲಿನಲ್ಲಿ ಕಳೆಯುತ್ತದೆ: ಪೆಟ್ಟು ಪೂರ್ತಿ, ಸಂಬಳ ಮಾಮೂಲಿ.

ಊಟದ ವಿಷಯ ಬೇಗ ಮುಗಿಸುತ್ತೇನೆ, ಏಕೆಂದರೆ ಅದು ಸಮಸ್ಯೆಯೇ ಅಲ್ಲ. ದಿನಕ್ಕೆ ಕೆ.ಜಿ. ತೂಕಕ್ಕೆ 1.6 ಗ್ರಾಂ ಪ್ರೋಟೀನ್ ಲೆಕ್ಕದಲ್ಲಿ ಅವನಿಗೆ 140 ಗ್ರಾಂ ಬೇಕು. ಒಣ ಸೋಯಾ ಚಂಕ್ಸ್ 50 ಗ್ರಾಂನಲ್ಲಿ ಸುಮಾರು 25, ಪನೀರ್ 150 ಗ್ರಾಂನಲ್ಲಿ 27, ಗಟ್ಟಿ ಗ್ರೀಕ್ ಮೊಸರು ಒಂದು ದೊಡ್ಡ ಬಟ್ಟಲಲ್ಲಿ 20, ಎರಡು ಲೋಟ ಹಾಲಲ್ಲಿ 16, ಎರಡು ಬಟ್ಟಲು ಗಟ್ಟಿ ಬೇಳೆ ಅಥವಾ ಕಾಳಿನ ಪಲ್ಯದಲ್ಲಿ 30. ಉಳಿದದ್ದು ಚಪಾತಿ, ಕಡಲೆಬೀಜದಲ್ಲಿ ಬರುತ್ತದೆ. ಬರೀ ಅನ್ನ ತಿಳಿಸಾರಿನಲ್ಲಿ ಬರುವುದಿಲ್ಲ. ಬಿ12, ಡಿ, ಫೆರಿಟಿನ್ (ದೇಹದಲ್ಲಿನ ಕಬ್ಬಿಣದ ದಾಸ್ತಾನು) ರಕ್ತಪರೀಕ್ಷೆ ವರ್ಷಕ್ಕೊಮ್ಮೆ ಮಾಡಿಸಿ. ಪುಡಿ ಕೊಳ್ಳುವುದಾದರೆ ‘ಎನ್‌ಎಸ್‌ಎಫ್ ಸರ್ಟಿಫೈಡ್ ಫಾರ್ ಸ್ಪೋರ್ಟ್’ ಮುದ್ರೆ ಇರುವುದನ್ನೇ ಕೊಳ್ಳಿ. ಕಲಬೆರಕೆಯಿಂದ ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದವರಿದ್ದಾರೆ.

ತಂಡದವರ ಜತೆ ಮತ್ತೆ ಮಾತಾಡುವಾಗ ‘ಹೊಡೆಸ್ತೀರಾ?’ ಎಂದು ಕೇಳಬೇಡಿ, ‘ಇಲ್ಲ’ ಎಂದೇ ಹೇಳುತ್ತಾರೆ. ಹೀಗೆ ಕೇಳಿ: ಹೋದ ಋತುವಿನಲ್ಲಿ ನಿಮ್ಮ ಹದಿನಾರು ಹದಿನೇಳರ ಹುಡುಗರಿಗೆ ಪಂದ್ಯಕ್ಕೆ ಎಷ್ಟು ನಿಮಿಷ ಆಟ ಸಿಕ್ಕಿತು? ಪವರ್‌ಪ್ಲೇ (ಪೆನಾಲ್ಟಿಯಿಂದ ಎದುರಾಳಿ ತಂಡದಲ್ಲಿ ಆಟಗಾರ ಕಡಿಮೆ ಇರುವ ಹೊತ್ತು), ಪೆನಾಲ್ಟಿ ಕಿಲ್‌ನಲ್ಲಿ (ನಮ್ಮ ತಂಡದಲ್ಲಿ ಕಡಿಮೆ ಇರುವ ಹೊತ್ತು) ಇವನಿಗೆ ಜಾಗವಿದೆಯೇ? ತಲೆಪೆಟ್ಟಿನ ಶಂಕೆ ಬಂದಾಗ ಕೊನೆಯ ಮಾತು ಥೆರಪಿಸ್ಟ್‌ನದೋ ಕೋಚ್‌ನದೋ? ಗಾಯಗೊಂಡೋ, ತಂಡದಿಂದ ಕೈಬಿಟ್ಟೋ ಋತು ಅರ್ಧಕ್ಕೆ ನಿಂತರೆ ವಿದ್ಯಾರ್ಥಿವೇತನದ ಆ ವರ್ಷ ಲೆಕ್ಕಕ್ಕೆ ಬರುತ್ತದೆಯೇ? ಕೊನೆಯದಕ್ಕೆ ಉತ್ತರ ಬರವಣಿಗೆಯಲ್ಲಿ ಬೇಕು. ಸಹಿ ಮಾಡುವ ಮೊದಲು ಒಪ್ಪಂದವನ್ನು ಕ್ರೀಡಾ ವಕೀಲರೊಬ್ಬರಿಗೆ ತೋರಿಸಿ. ಕ್ಯಾಂಪ್‌ಗೆ ಹೋಗುವ ದಿನ ವೈದ್ಯರ ವರದಿಯ ಒಂದು ಪ್ರತಿಯನ್ನು ತಂಡದ ಥೆರಪಿಸ್ಟ್ ಕೈಗೆ ನೇರವಾಗಿ ಕೊಡಿ, ಮಗನ ಬ್ಯಾಗಿನಲ್ಲಿಟ್ಟು ಕಳಿಸಬೇಡಿ.